ಮ್ಯಾನೇಜ್‌ಮೆಂಟ್ ಸೀಟು, ಮೆರಿಟ್ ಸೀಟು ಮತ್ತು ಹುಡುಗಿಯರ ಫುಟ್‌ಬಾಲು

ಮೊದಲು ಮೂರು ಸ್ಕೋರು ಹೇಳಿಬಿಡ್ತೀನಿ. ಅಮೆರಿಕ 8, ಭಾರತ 0. ಮೊರಾಕ್ಕೊ 3, ಭಾರತ 0. ಬ್ರೆಜಿಲ್ 5, ಭಾರತ 0. 2022ರ ಅಕ್ಟೋಬರಿನಲ್ಲಿ ಭುವನೇಶ್ವರದ ಕಳಿಂಗ ಸ್ಟೇಡಿಯಮ್ಮಿನಲ್ಲಿ, ಹದಿನೇಳು ವರ್ಷದೊಳಗಿನ ಹುಡುಗಿಯರ ವಿಶ್ವಕಪ್‌ನಲ್ಲಿ ನಮ್ಮ ತಂಡದ ಪೂರ್ತಿ ಲೆಕ್ಕ ಇದು. ಮೂರು ಪಂದ್ಯ, ಹದಿನಾರು ಗೋಲು ಬಿಟ್ಟದ್ದು, ಹೊಡೆದದ್ದು ಸೊನ್ನೆ.

ಈಗ ಇನ್ನೆರಡು ಸ್ಕೋರು. ಭಾರತ 2, ಕಿರ್ಗಿಸ್ತಾನ 1. ಭಾರತ 2, ಉಜ್ಬೇಕಿಸ್ತಾನ 1. ಇವು 2025ರ ಅಕ್ಟೋಬರಿನಲ್ಲಿ ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನಲ್ಲಿ ಆಡಿದ ಪಂದ್ಯಗಳು. ಅದೇ ವಯಸ್ಸಿನ ತಂಡ, ಹುಡುಗಿಯರು ಬೇರೆ.

ಮೊದಲನೆಯದಕ್ಕೆ ಜಾಹೀರಾತು ಇತ್ತು, ಮ್ಯಾಸ್ಕಾಟ್ ಇತ್ತು, ಮಂತ್ರಿಗಳ ಫೋಟೊ ಇತ್ತು. ಎರಡನೆಯದು ನಡೆದದ್ದೇ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಆಫೀಸಿನ ಕ್ಯಾಂಟೀನಿನಲ್ಲಿ ಪ್ರೀಮಿಯರ್ ಲೀಗ್ ಬಗ್ಗೆ ಗಂಟೆಗಟ್ಟಲೆ ವಾದ ಮಾಡೋ ಗೆಳೆಯರನ್ನ ಕೇಳಿ ನೋಡಿ, "ಬಿಷ್ಕೆಕ್? ಅದೆಲ್ಲಿದೆ?" ಅಂತಾರೆ. ಆದರೆ ಇತಿಹಾಸದ ದೃಷ್ಟಿಯಿಂದ ಎರಡನೆಯದೇ ದೊಡ್ಡದು ಅಂತ ನನ್ನ ವಾದ. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ತಲೆಮಾರಿನ ಇಂಜಿನಿಯರುಗಳಿಗೆ ಬೇಗ ಅರ್ಥವಾಗೋ ಹಾಗೆ ಹೇಳ್ತೀನಿ. ವಿಶ್ವಕಪ್ ನಡೆಸೋ ದೇಶಕ್ಕೆ ಆಡೋ ಜಾಗ ತಾನಾಗೇ ಸಿಗುತ್ತೆ. ಅದು ಮ್ಯಾನೇಜ್‌ಮೆಂಟ್ ಸೀಟು. ಅರ್ಹತಾ ಸುತ್ತು ಅಂದ್ರೆ ಸಿಇಟಿ. ಅಲ್ಲಿ ರ್‍ಯಾಂಕ್ ಬಂದ್ರೆ ಸೀಟು, ಇಲ್ಲಾಂದ್ರೆ ಮನೆ. ಮ್ಯಾನೇಜ್‌ಮೆಂಟ್ ಸೀಟಿನಲ್ಲಿ ಓದಿದವರೆಲ್ಲ ದಡ್ಡರು ಅಂತ ಯಾರೂ ಹೇಳಲ್ಲ. ಆದರೆ ಒಂದು ಹಳ್ಳಿಯ ಶಾಲೆ ಹೇಗಿದೆ ಅಂತ ತಿಳೀಬೇಕಾದರೆ ಅಲ್ಲಿಂದ ಎಷ್ಟು ಜನ ಸಿಇಟಿ ಬರೆದು ಪಾಸಾದ್ರು ಅಂತ ನೋಡ್ತೀವಿ ಹೊರತು ಯಾರ ಅಪ್ಪ ಡೊನೇಷನ್ ಕಟ್ಟಿದ ಅಂತ ಅಲ್ಲ.

ಬೀಗ ಹಾಕಿದ ಮೈದಾನ

ಹೆಂಗಸರ ಫುಟ್‌ಬಾಲ್ ಹೊಸದು, ಈಗೀಗ ಬಂದದ್ದು ಅನ್ನೋ ಭಾವನೆ ನಮ್ಮಲ್ಲಿದೆ. ಅದು ಸುಳ್ಳು. 1920ರ ಡಿಸೆಂಬರ್ 26ರಂದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ, ಗುಡಿಸನ್ ಪಾರ್ಕ್ ಮೈದಾನದಲ್ಲಿ, ಡಿಕ್ ಕೆರ್ ಲೇಡೀಸ್ ಅನ್ನೋ ತಂಡದ ಆಟ ನೋಡೋಕೆ 53,000 ಜನ ಸೇರಿದ್ದರು. ಪ್ರೆಸ್ಟನ್ ಊರಿನ ಕಾರ್ಖಾನೆಯಲ್ಲಿ ಮೊದಲ ಮಹಾಯುದ್ಧಕ್ಕೆ ಮದ್ದುಗುಂಡು ಮಾಡ್ತಿದ್ದ ಹೆಂಗಸರು ಕಟ್ಟಿದ ತಂಡ ಅದು. ವರ್ಷ ಕಳೆಯೋದರೊಳಗೆ, 1921ರ ಡಿಸೆಂಬರ್ 5ಕ್ಕೆ, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್ಬುಗಳ ಮೈದಾನದಲ್ಲಿ ಹೆಂಗಸರು ಆಡಬಾರದು ಅಂತ ಠರಾವು ಮಾಡಿತು. ಈ ಆಟ ಹೆಂಗಸರಿಗೆ ತಕ್ಕದ್ದಲ್ಲ ಅನ್ನೋದು ಅವರು ಕೊಟ್ಟ ಕಾರಣ. ಆ ಬೀಗ ತೆಗೆಯೋಕೆ ಸುಮಾರು ಐವತ್ತು ವರ್ಷ ಹಿಡೀತು.

ನಮ್ಮ ದೇಶದಲ್ಲಿ ಬೀಗ ಹಾಕಿದವರು ಯಾರೂ ಇರಲಿಲ್ಲ, ತೆರೆದವರೂ ಇರಲಿಲ್ಲ. 1975ರಲ್ಲಿ ಭಾರತದ ಮಹಿಳಾ ಫುಟ್‌ಬಾಲ್ ಫೆಡರೇಷನ್ ಹುಟ್ಟಿತು. ಅದು ಗಂಡಸರ ಫೆಡರೇಷನ್ನಿನಿಂದ ಬೇರೆಯೇ ಇದ್ದ ಸಂಸ್ಥೆ. ಕೈಯಲ್ಲಿ ದುಡ್ಡಿಲ್ಲ, ಪೇಪರಿನಲ್ಲಿ ಹೆಸರಿಲ್ಲ. ಆದರೂ ನೋಡಿ, 1980ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾ ಮಹಿಳಾ ಚಾಂಪಿಯನ್‌ಷಿಪ್ಪಿನಲ್ಲಿ ಭಾರತ ರನ್ನರ್ ಅಪ್. 1983ರಲ್ಲಿ ಥಾಯ್ಲೆಂಡಿನಲ್ಲಿ ಮತ್ತೆ ರನ್ನರ್ ಅಪ್. ಅದೇ ವರ್ಷ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು, ಆ ಪ್ರಶಸ್ತಿ ಪಡೆದ ಮೊದಲ ಮಹಿಳಾ ಫುಟ್‌ಬಾಲ್ ಆಟಗಾರ್ತಿ ಅವರು. ನಮ್ಮ ಬೆಂಗಳೂರಿನ ಚಿತ್ರಾ ಗಂಗಾಧರನ್ ಅವರು ಭಾರತಕ್ಕೆ ಆಡಿದ್ದೂ ಆ ಎಂಬತ್ತರ ದಶಕದಲ್ಲೇ. ಈಗಿನ ಎಷ್ಟು ಜನ ಬೆಂಗಳೂರಿಗರಿಗೆ ಅವರ ಹೆಸರು ಗೊತ್ತು?

ಆಮೇಲೆ ಏನಾಯ್ತು? ಉಳಿದ ದೇಶಗಳು ಎಚ್ಚೆತ್ತವು. 1991ರಲ್ಲಿ ಫಿಫಾ ಚೀನಾದಲ್ಲಿ ಮೊದಲ ಮಹಿಳಾ ವಿಶ್ವಕಪ್ ನಡೆಸಿತು. ಚೀನಾ, ಜಪಾನ್, ಎರಡೂ ಕೊರಿಯಾಗಳು ಶಾಲೆಯ ಹುಡುಗಿಯರಿಂದಲೇ ಶುರು ಮಾಡಿದವು. ನಾವು ದೊಡ್ಡವರ ತಂಡವನ್ನ ಟೂರ್ನಿಗೆ ಒಂದು ತಿಂಗಳ ಮುಂಚೆ ಕ್ಯಾಂಪಿಗೆ ಕರೆದು ಕಳಿಸೋ ಪದ್ಧತಿಯಲ್ಲೇ ಉಳಿದೆವು. ಕಬ್ಬು ಬೆಳೆಯೋರಿಗೆ ಇದರ ಕತೆ ಗೊತ್ತು. ಬಿತ್ತನೆ ಚೆನ್ನಾಗಿರದಿದ್ರೆ ಕಡೆಗೆ ಎಷ್ಟು ನೀರು ಹಾಯಿಸಿದ್ರೂ ಇಳುವರಿ ಬರಲ್ಲ.

ಘಾಟ್ ಇಳಿದ ಕೂಡಲೇ ಏಷ್ಯಾ

ನನ್ನೂರು ಬೆಲ್ಲದ ಬಾಗೇವಾಡಿ, ಹುಕ್ಕೇರಿ ತಾಲೂಕು. ಹೆಸರಿನಲ್ಲೇ ಬೆಲ್ಲ ಇದೆ, ಸುತ್ತ ಕಬ್ಬು ಇದೆ, ಊರಲ್ಲಿ ಸಕ್ಕರೆ ಫ್ಯಾಕ್ಟರಿ ಇದೆ. ಫುಟ್‌ಬಾಲು ಮಾತ್ರ ಬೆಳಗಾವಿಯ ಬೆಳೆ. ಕಂಟೋನ್ಮೆಂಟ್ ಊರು, ಮಿಷನರಿ ಶಾಲೆಗಳ ಊರು ಅದು. ಸೇಂಟ್ ಪಾಲ್ಸ್ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳು ಫಾದರ್ ಎಡ್ಡಿ ಅವರ ಹೆಸರಿನಲ್ಲಿ ನಡೆಸೋ ಶಾಲಾ ಟೂರ್ನಿ ಅಲ್ಲಿ ದೊಡ್ಡ ಹಬ್ಬ. ನಮ್ಮ ಹಳ್ಳಿಗಳ ಕಡೆ ಗಂಡುಹುಡುಗರಿಗೆ ಕುಸ್ತಿ, ಕಬಡ್ಡಿ, ಆಮೇಲೆ ಕ್ರಿಕೆಟ್. ಹುಡುಗಿಯರಿಗೆ ಖೊಖೊ, ಥ್ರೋಬಾಲ್.

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದ್ರೆ ಗೋವಾ. ಬೆಳಿಗ್ಗೆ ಭಕ್ರಿ ಕಟ್ಟಿಕೊಂಡು ಹೊರಟ್ರೆ ಮಧ್ಯಾಹ್ನದ ಊಟ ಮಡಗಾಂವಿನಲ್ಲಿ. ಆ ಗೋವಾಕ್ಕೆ 2002ರ ಏಪ್ರಿಲ್ಲಿನಲ್ಲಿ ಒಂದು ಅಪರೂಪದ ಟೂರ್ನಿ ಬಂದಿತ್ತು. ಏಷ್ಯಾದ ಮೊಟ್ಟಮೊದಲ 19 ವರ್ಷದೊಳಗಿನ ಹುಡುಗಿಯರ ಚಾಂಪಿಯನ್‌ಷಿಪ್ ಅದು. ಬರೀ ಕಪ್ಪಿನ ಪ್ರಶ್ನೆ ಆಗಿರಲಿಲ್ಲ. ಫಿಫಾ ಆ ವರ್ಷ ಕೆನಡಾದಲ್ಲಿ ಮೊದಲ ಸಲ ಈ ವಯಸ್ಸಿನ ಹುಡುಗಿಯರಿಗೆ ವಿಶ್ವ ಟೂರ್ನಿ ಇಟ್ಟಿತ್ತು. ಏಷ್ಯಾದಿಂದ ಇಬ್ಬರಿಗೆ ಮಾತ್ರ ಟಿಕೆಟ್, ಆ ಟಿಕೆಟ್ ಹಂಚೋ ಪರೀಕ್ಷೆ ನಡೆದದ್ದು ಗೋವಾದಲ್ಲಿ. ಜಪಾನ್ ಫೈನಲ್ಲಿನಲ್ಲಿ ಚೈನೀಸ್ ತೈಪೆಯನ್ನ 2-1ರಿಂದ ಸೋಲಿಸಿತು. ಇಬ್ಬರೂ ಕೆನಡಾಕ್ಕೆ ಹೋದರು. ಅಲ್ಲಿ ಎಡ್ಮಂಟನ್ನಿನಲ್ಲಿ ಅಮೆರಿಕ ಮತ್ತು ಕೆನಡಾದ ಹುಡುಗಿಯರ ಫೈನಲ್ ನೋಡೋಕೆ 47,784 ಜನ ಬಂದಿದ್ದರು. ಹದಿಹರೆಯದ ಹುಡುಗಿಯರ ಆಟಕ್ಕೆ ಇಷ್ಟು ಜನ ಬರ್ತಾರೆ ಅಂತ ಜಗತ್ತಿಗೆ ಗೊತ್ತಾದದ್ದು ಆವತ್ತು.

ಗಮನಿಸಿ, ಈ ಚರಿತ್ರೆಯ ಮೊದಲ ಪುಟ ಬರೆದದ್ದು ನಮ್ಮ ಪಕ್ಕದ ಮನೆಯಲ್ಲಿ. ನಮ್ಮ ಕಡೆಯ ಪಿ.ಟಿ. ಮಾಸ್ತರೊಬ್ಬರು ಒಂದು ಟೆಂಪೊ ತುಂಬ ಹುಡುಗಿಯರನ್ನ ಕರಕೊಂಡು ಹೋಗಿ "ನೋಡ್ರವಾ, ನಿಮ್ಮ ವಾರಿಗಿ ಹುಡುಗ್ಯಾರು ಹೆಂಗ ಆಡ್ತಾರ" ಅಂತ ತೋರಿಸಬಹುದಿತ್ತು. ಅಂಥ ಟೂರ್ನಿ ಇದೆ ಅನ್ನೋ ಸುದ್ದಿಯೇ ಘಾಟ್ ಹತ್ತಿ ನಮ್ಮ ಶಾಲೆಗೆ ಬರಲಿಲ್ಲ.

2005ರಲ್ಲಿ ಇನ್ನೂ ಚಿಕ್ಕ ವಯಸ್ಸಿನವರಿಗೆ, ಈಗಿನ 17ರೊಳಗಿನ ಟೂರ್ನಿಗೆ, ಏಷ್ಯಾ ಕಪ್ ಶುರುವಾಯ್ತು. ದಕ್ಷಿಣ ಕೊರಿಯಾದ ನಾಮ್ಹೆ ಊರಿನಲ್ಲಿ ನಡೆದ ಆ ಮೊದಲ ಟೂರ್ನಿಯಲ್ಲಿ ಭಾರತವೂ ಇತ್ತು. 2006ರಲ್ಲಿ ಮಲೇಷ್ಯಾದಲ್ಲಿ ನಡೆದ 19ರೊಳಗಿನ ಟೂರ್ನಿಯಲ್ಲೂ ಇತ್ತು. ಅಲ್ಲಿಗೆ ಮುಗೀತು. ಆಮೇಲೆ ಎರಡೂ ವಯಸ್ಸಿನಲ್ಲಿ ಸುಮಾರು ಇಪ್ಪತ್ತು ವರ್ಷ ಭಾರತದ ಹುಡುಗಿಯರು ಏಷ್ಯಾದ ಮುಖ್ಯ ಸುತ್ತಿಗೆ ಅರ್ಹತಾ ಸುತ್ತು ಗೆದ್ದು ಹೋಗಲೇ ಇಲ್ಲ. 2006ರಲ್ಲಿ ಹುಟ್ಟಿದ ಮಗು ಡಿಗ್ರಿಗೆ ಸೇರೋ ಹೊತ್ತಿಗೂ ಆ ಬಾಗಿಲು ತೆರೆದಿರಲಿಲ್ಲ.

ಒಂದು ವಾರದ ಪರೀಕ್ಷೆ

ಅರ್ಹತಾ ಸುತ್ತು ಎಷ್ಟು ಕ್ರೂರ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಏಷ್ಯಾದ ತಂಡಗಳನ್ನ ಮೂರು ಅಥವಾ ನಾಲ್ಕರ ಗುಂಪು ಮಾಡ್ತಾರೆ. ಒಂದು ಗುಂಪಿನವರೆಲ್ಲ ಒಂದೇ ಊರಿಗೆ ಹೋಗಿ ಒಂದು ವಾರದೊಳಗೆ ಎಲ್ಲ ಪಂದ್ಯ ಆಡಿ ಮುಗಿಸಬೇಕು. ಐಪಿಎಲ್ ಥರ ಎರಡು ತಿಂಗಳು ಎದ್ದುಬಿದ್ದು ಸುಧಾರಿಸಿಕೊಳ್ಳೋ ಅವಕಾಶ ಇಲ್ಲ. ಎರಡು ವರ್ಷಕ್ಕೊಮ್ಮೆ ಬರೋ ಪರೀಕ್ಷೆ. ಈ ಸಲ ತಪ್ಪಿದ್ರೆ ಮುಂದಿನ ಸಲಕ್ಕೆ ಬಹಳಷ್ಟು ಹುಡುಗಿಯರಿಗೆ ವಯಸ್ಸೇ ದಾಟಿರುತ್ತೆ. ಸಪ್ಲಿಮೆಂಟರಿ ಇಲ್ಲದ ಎಸ್ಸೆಸ್ಸೆಲ್ಸಿ ಇದ್ದಂಗೆ.

2023ರ ಮಾರ್ಚಿನಲ್ಲಿ 20ರೊಳಗಿನ ತಂಡಕ್ಕೆ ಇದೇ ಆಯ್ತು. ವಿಯೆಟ್ನಾಮಿನಲ್ಲಿ ಸಿಂಗಪುರವನ್ನ 7-0, ಇಂಡೊನೇಷ್ಯಾವನ್ನ 6-0 ಸೋಲಿಸಿದರು. ಆತಿಥೇಯ ವಿಯೆಟ್ನಾಮ್ ಜೊತೆ 1-1 ಡ್ರಾ. ಒಂದೂ ಪಂದ್ಯ ಸೋಲಲಿಲ್ಲ. ವಿಯೆಟ್ನಾಮಿಗೂ ಏಳು ಪಾಯಿಂಟು, ಭಾರತಕ್ಕೂ ಏಳು ಪಾಯಿಂಟು. ಗೋಲುಗಳ ಅಂತರದಲ್ಲಿ ವಿಯೆಟ್ನಾಮ್ ಮುಂದೆ, ನಾವು ವಾಪಸ್ಸು. ಸೋಲದೇ ಹೊರಬೀಳೋದು ಅಂದ್ರೆ ಏನು ಅಂತ ಆ ಹುಡುಗಿಯರನ್ನ ಕೇಳಬೇಕು.

ಮಧ್ಯದಲ್ಲಿ ಬಂದದ್ದು ನಾನು ಶುರುವಿನಲ್ಲಿ ಹೇಳಿದ ವಿಶ್ವಕಪ್. ಮೊದಲು 2020ಕ್ಕೆ ಇಟ್ಟಿದ್ರು, ಕೊರೊನಾ ಬಂತು, ಮುಂದೂಡಿದ್ರು, ರದ್ದು ಮಾಡಿದ್ರು, ಕೊನೆಗೆ 2022 ಅಂತಾಯ್ತು. 2022ರ ಆಗಸ್ಟಿನಲ್ಲಿ ಫಿಫಾ ಭಾರತದ ಫೆಡರೇಷನ್ನನ್ನೇ ಅಮಾನತು ಮಾಡಿತು. ದೊಡ್ಡವರ ಕುರ್ಚಿ ಜಗಳದಲ್ಲಿ ಹುಡುಗಿಯರ ವಿಶ್ವಕಪ್ ಕೈತಪ್ಪೋ ಹಂತಕ್ಕೆ ಹೋಗಿತ್ತು. ಆಗಸ್ಟ್ 26ಕ್ಕೆ ಅಮಾನತು ತೆಗೆದ ಮೇಲೆ ಉಸಿರು ಬಂತು. ಅದಕ್ಕೂ ಮೊದಲು ಆ ಬೇಸಿಗೆಯಲ್ಲಿ ತಂಡ ಯುರೋಪ್ ಪ್ರವಾಸದಲ್ಲಿದ್ದಾಗ ಸಹಾಯಕ ತರಬೇತುದಾರರೊಬ್ಬರ ಮೇಲೆ ಲೈಂಗಿಕ ದುರ್ವರ್ತನೆಯ ಆರೋಪ ಬಂದು ಅವರನ್ನ ಕೆಲಸದಿಂದ ತೆಗೆದರು. ಇದನ್ನ ಬರೆಯೋಕೆ ಹಿತ ಅನಿಸಲ್ಲ. ಆದರೆ ಬಿಡೋ ಹಾಗೂ ಇಲ್ಲ. ಹಳ್ಳಿಯ ಒಬ್ಬ ತಾಯಿ ಮಗಳನ್ನ ಕ್ಯಾಂಪಿಗೆ ಕಳಿಸೋ ಮುಂಚೆ ಕೇಳೋ ಮೊದಲ ಪ್ರಶ್ನೆ ಗೋಲಿನದಲ್ಲ, "ಅಲ್ಲಿ ಹುಡುಗಿಯರನ್ನ ನೋಡಿಕೊಳ್ಳೋರು ಯಾರು?" ಅನ್ನೋದು. ಆ ಪ್ರಶ್ನೆಗೆ ಉತ್ತರ ಕೊಡದೆ ಎಷ್ಟು ಸ್ಟೇಡಿಯಮ್ ಕಟ್ಟಿದ್ರೂ ವ್ಯರ್ಥ.

ಆ ತಂಡದ ನಾಯಕಿ ಅಷ್ಟಮ್ ಉರಾಂವ್, ಜಾರ್ಖಂಡಿನ ಗುಮ್ಲಾ ಜಿಲ್ಲೆಯ ಹುಡುಗಿ. ಆಕೆ ದೇಶದ ತಂಡವನ್ನ ಮುನ್ನಡೆಸ್ತಿದ್ದಾಳೆ ಅಂತ ಜಿಲ್ಲಾಡಳಿತ ಆಕೆಯ ಊರಿಗೆ ರಸ್ತೆ ಮಾಡಿಸೋಕೆ ಹೊರಟಿತು. ಆ ರಸ್ತೆ ಕೆಲಸದಲ್ಲಿ ದಿನಗೂಲಿಗೆ ದುಡಿದವರಲ್ಲಿ ಆಕೆಯ ಅಪ್ಪ ಅಮ್ಮನೂ ಇದ್ದರು ಅಂತ ಆಗಿನ ಪತ್ರಿಕೆಗಳೆಲ್ಲ ಬರೆದವು. ಮಗಳ ಹೆಸರಿಗೆ ಬಂದ ರಸ್ತೆಗೆ ಅಪ್ಪನೇ ಮಣ್ಣು ಹೊತ್ತ. 8-0 ಅಂತ ನಕ್ಕವರು ಆ ಹುಡುಗಿಯರು ಎಲ್ಲಿಂದ ಹೊರಟು ಅಲ್ಲಿಗೆ ಬಂದ್ರು ಅನ್ನೋದನ್ನ ಲೆಕ್ಕಕ್ಕೆ ಹಿಡೀಲಿಲ್ಲ. ಎದುರಿಗಿದ್ದ ಅಮೆರಿಕದ ಹುಡುಗಿಯರು ಏಳೆಂಟು ವರ್ಷದಿಂದ ವಾರವಾರ ಲೀಗ್ ಆಡಿಕೊಂಡು ಬಂದವರು. ನಮ್ಮವರಲ್ಲಿ ಹಲವರು ಕ್ಯಾಂಪಿನಲ್ಲೇ ಆಟ ಕಲಿತವರು.

ಯಾಂಗೋನ್, ಬಿಷ್ಕೆಕ್

ಹೀಗಿರುವಾಗ 2025 ಬಂತು. ಆಗಸ್ಟಿನಲ್ಲಿ ಮ್ಯಾನ್ಮಾರಿನ ಯಾಂಗೋನಿನಲ್ಲಿ 20ರೊಳಗಿನವರ ಪರೀಕ್ಷೆ. ಇಂಡೊನೇಷ್ಯಾ ಜೊತೆ 0-0, ತುರ್ಕಮೆನಿಸ್ತಾನದ ಮೇಲೆ 7-0. ಕೊನೆಯ ಪಂದ್ಯ ಆಗಸ್ಟ್ 10ಕ್ಕೆ, ಅವರದೇ ಜನರ ಮುಂದೆ ಮ್ಯಾನ್ಮಾರ್ ವಿರುದ್ಧ. ಮೊದಲರ್ಧದಲ್ಲಿ ಪೂಜಾ ಹೊಡೆದ ಒಂದೇ ಗೋಲು. ಉಳಿದ ಹೊತ್ತೆಲ್ಲ ಆ ಒಂದನ್ನ ಕಾಯೋ ಕೆಲಸ. 1-0. ಇಪ್ಪತ್ತು ವರ್ಷದ ಬಾಗಿಲು ತೆರೀತು.

ಎರಡು ತಿಂಗಳಾದ ಮೇಲೆ ಬಿಷ್ಕೆಕ್. 17ರೊಳಗಿನವರ ಗುಂಪಿನಲ್ಲಿ ಇದ್ದದ್ದೇ ಮೂರು ತಂಡ, ಅಂದ್ರೆ ನಮಗೆ ಎರಡೇ ಪಂದ್ಯ. ನೂರೆಂಬತ್ತು ನಿಮಿಷದಲ್ಲಿ ಹಣೆಬರಹ. ಗುಂಪಿನ ಮೊದಲಿಗರಿಗೆ ಮಾತ್ರ ಜಾಗ. ಕಿರ್ಗಿಸ್ತಾನವನ್ನ ಗೆದ್ದ ಮೇಲೆ ಅಕ್ಟೋಬರ್ 17ಕ್ಕೆ ಉಜ್ಬೇಕಿಸ್ತಾನ. ಅವರೇ ಮೊದಲು ಗೋಲು ಹೊಡೆದರು. ಬದಲಿ ಆಟಗಾರ್ತಿಯಾಗಿ ಬಂದ ತಂಡಮೋನಿ ಬಾಸ್ಕೆ ದ್ವಿತೀಯಾರ್ಧದಲ್ಲಿ ಸಮ ಮಾಡಿದಳು. ಸ್ವಲ್ಪ ಹೊತ್ತಿಗೆ ಜಾರ್ಖಂಡಿನ ಅನುಷ್ಕಾ ಕುಮಾರಿ ಎರಡನೆಯದು ಹೊಡೆದಳು. ಅರ್ಹತಾ ಸುತ್ತು ಗೆದ್ದು ಈ ವಯಸ್ಸಿನ ಏಷ್ಯಾ ಕಪ್ಪಿಗೆ ಹೋದದ್ದು ಭಾರತಕ್ಕೆ ಇದೇ ಮೊದಲು. ಎರಡೂ ತಂಡಕ್ಕೆ ಸ್ವೀಡನ್ನಿನ ಯೋಕಿಮ್ ಅಲೆಕ್ಸಾಂಡರ್ಸನ್ ಕೋಚು. ಅದೇ ವರ್ಷ ಜುಲೈನಲ್ಲಿ ದೊಡ್ಡವರ ತಂಡವೂ ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನ 2-1ರಿಂದ ಸೋಲಿಸಿ ಅರ್ಹತೆ ಪಡೆದಿತ್ತು. ಒಂದೇ ವರ್ಷದಲ್ಲಿ ಮೂರೂ ತಂಡಕ್ಕೆ ಮೆರಿಟ್ ಸೀಟು.

ಇದು ಪವಾಡ ಅಲ್ಲ. 2022ರ ಹೊತ್ತಿಗೆ ಶುರುವಾದ ಕ್ಯಾಂಪುಗಳು, ವಿದೇಶಿ ಪ್ರವಾಸಗಳು, 2023ರಿಂದ ಚಿಕ್ಕ ಹುಡುಗಿಯರಿಗೆ ನಡೀತಿರೋ ಅಸ್ಮಿತಾ ಲೀಗ್, ಇವುಗಳ ಪಾಲು ಇದ್ದೇ ಇದೆ. ಬೆಲ್ಲದ ಪಾಕ ಹದಕ್ಕೆ ಬರೋವರೆಗೆ ಕೊಪ್ಪರಿಗೆ ಕೆಳಗಿನ ಬೆಂಕಿ ಆರಬಾರದು ಅಷ್ಟೆ. ಮೊದಲೆಲ್ಲ ನಾವು ಟೂರ್ನಿ ಮುಗಿದ ದಿನವೇ ಬೆಂಕಿ ಆರಿಸಿ ಮನೆಗೆ ಹೋಗ್ತಿದ್ವಿ.

ಒಂಬತ್ತನೇ ಕ್ಲಾಸಿನ ಗೋಡೆ

ಈಗ ನಮ್ಮ ಮಾತಿಗೆ ಬರೋಣ. ದೇಶದ ಹುಡುಗಿಯರ ತಂಡಗಳ ಪಟ್ಟಿ ತೆಗೆದು ನೋಡಿದ್ರೆ ಜಾರ್ಖಂಡ್, ಮಣಿಪುರ, ಹರಿಯಾಣದ ಹೆಸರುಗಳೇ ಕಣ್ಣಿಗೆ ಬೀಳ್ತವೆ. ಕರ್ನಾಟಕಕ್ಕೆ ಫುಟ್‌ಬಾಲ್ ಹೊಸದಲ್ಲ. ಗಂಡಸರ ಸಂತೋಷ್ ಟ್ರೋಫಿಯನ್ನ ಹಳೇ ಮೈಸೂರು ನಾಲ್ಕು ಸಲ ಗೆದ್ದಿತ್ತು, 54 ವರ್ಷದ ನಂತರ 2023ರಲ್ಲಿ ಕರ್ನಾಟಕ ಮತ್ತೆ ಗೆದ್ದಿತು. ಹೆಂಗಸರಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2022-23ರ ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿ ಫೈನಲ್ ತಲುಪಿತ್ತು. 2020ರ ಫೆಬ್ರವರಿಯಲ್ಲಿ ಅದೇ ಲೀಗಿನ ಫೈನಲ್ ನಡೆದದ್ದು ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ, ಮ್ಯಾಗ್ರಾತ್ ರಸ್ತೆಯಲ್ಲಿ. ಎದುರಿನ ಮಾಲ್‌ಗೆ ಸಿನಿಮಾ ನೋಡೋಕೆ ಹೋದ ನಮ್ಮವರು ಎಷ್ಟೋ. ಆದರೆ ಇದೆಲ್ಲ ಬೆಂಗಳೂರು. ಹುಕ್ಕೇರಿ, ಗೋಕಾಕ, ಮೂಡಲಗಿಯ ಹುಡುಗಿ ಆ ಪಟ್ಟಿಗೆ ಬರಬೇಕಾದರೆ ಏನು ಬೇಕು?

17ರೊಳಗಿನ ತಂಡ ಅಂದ್ರೆ ಯಾರು ಅಂತ ಯೋಚಿಸಿ. 2026ರ ಏಷ್ಯಾ ಕಪ್ಪಿಗೆ 2009 ಅಥವಾ ಆಮೇಲೆ ಹುಟ್ಟಿದವರು. ಅಂದ್ರೆ ಒಂಬತ್ತನೇ ಕ್ಲಾಸು, ಎಸ್ಸೆಸ್ಸೆಲ್ಸಿ, ಪಿಯುಸಿ ಹುಡುಗಿಯರು. ನಮ್ಮ ಕಡೆ ಹುಡುಗಿಯರು ಮೈದಾನ ಬಿಡೋದು ಸರಿಯಾಗಿ ಇದೇ ವಯಸ್ಸಿಗೆ. ನನ್ನ ಜೊತೆ ಏಳನೇ ಕ್ಲಾಸಿನಲ್ಲಿ ಓಡ್ತಿದ್ದ ಹುಡುಗಿಯರಲ್ಲಿ ನಮ್ಮನ್ನೆಲ್ಲ ಹಿಂದೆ ಹಾಕ್ತಿದ್ದವರು ಇಬ್ಬರು ಮೂವರಿದ್ದರು. ಒಂಬತ್ತನೇ ಕ್ಲಾಸಿಗೆ ಬರೋ ಹೊತ್ತಿಗೆ ಅವರು ಪಿ.ಟಿ. ಪೀರಿಯಡ್ಡಿನಲ್ಲಿ ಬೇವಿನ ಮರದ ಕೆಳಗೆ ಕೂತು ನೋಟ್ಸ್ ಬರೀತಿದ್ದರು. ಯಾರೂ ಬೈದಿರಲಿಲ್ಲ, ಯಾರೂ ಆದೇಶ ಹೊರಡಿಸಿರಲಿಲ್ಲ. "ಸಾಕ್ ಬಿಡವಾ, ಇನ್ನೇನ್ ಸಣ್ಣಾಕಿ ಏನ್ ನೀ" ಅನ್ನೋ ಒಂದು ಮಾತು ಸಾಕಾಗಿತ್ತು. ಇಂಗ್ಲೆಂಡಿನವರಿಗೆ ಬೀಗ ಹಾಕೋಕೆ ಠರಾವು ಬೇಕಾಯ್ತು. ನಮಗೆ ಅದೂ ಬೇಡ.

ಬದಲಾಗೋದು ಹೇಗೆ? ಹರಿಯಾಣದ ಭಿವಾನಿ ಜಿಲ್ಲೆಯಲ್ಲಿ ಅಲಖಪುರ ಅಂತ ಹಳ್ಳಿ. ಅಲ್ಲಿನ ಸರ್ಕಾರಿ ಶಾಲೆಯ ಪಿ.ಟಿ. ಮೇಷ್ಟ್ರು ಗಂಡುಹುಡುಗರಿಗೆ ಕಬಡ್ಡಿ ಆಡಿಸ್ತಿದ್ದಾಗ, ಸುಮ್ಮನೆ ಕೂತ ಹುಡುಗಿಯರು ನಮಗೂ ಏನಾದರೂ ಕೊಡಿ ಅಂದರು. ಮೂಲೆಯಲ್ಲಿ ಬಿದ್ದಿದ್ದ ಚೆಂಡನ್ನ ಅವರ ಕಡೆ ಎಸೆದರು, ಅಷ್ಟೆ. ಮುಂದೆ ಆ ಶಾಲೆಯ ಹುಡುಗಿಯರು ದೆಹಲಿಯ ಸುಬ್ರೊತೊ ಕಪ್ ಗೆದ್ದರು, ಹಲವರು ಭಾರತಕ್ಕೂ ಆಡಿದರು. ಜಾರ್ಖಂಡಿನ ಓರ್ಮಾಂಝಿಯಲ್ಲಿ 2009ರಲ್ಲಿ ಶುರುವಾದ ಯುವಾ ಸಂಸ್ಥೆಯ ಹುಡುಗಿಯರು 2013ರಲ್ಲಿ ಸ್ಪೇನಿಗೆ ಹೋಗಿ ಆಡಿ ಬಂದರು. ಎರಡೂ ಕಡೆ ಮೊದಲು ಬಂದದ್ದು ದೊಡ್ಡ ಸ್ಟೇಡಿಯಮ್ ಅಲ್ಲ. ಒಂದು ಚೆಂಡು, ದಿನಾ ಬರೋ ಒಬ್ಬ ಮನುಷ್ಯ, ಮತ್ತು ಒಬ್ಬಳಲ್ಲ, ಹತ್ತಿಪ್ಪತ್ತು ಹುಡುಗಿಯರು ಒಟ್ಟಿಗೆ. ಒಬ್ಬಳೇ ಆಡಿದ್ರೆ ಊರು ಮಾತಾಡುತ್ತೆ, ಇಪ್ಪತ್ತು ಜನ ಆಡಿದ್ರೆ ಊರು ನೋಡೋಕೆ ಬರುತ್ತೆ.

ನಮ್ಮ ಕಡೆ ಇದರ ಅರ್ಧ ಸಾಮಾನು ಈಗಾಗಲೇ ಇದೆ. ಖೊಖೊ ಆಡಿದ ಕಾಲಿಗೆ ತಿರುಗೋದು, ತಪ್ಪಿಸಿಕೊಳ್ಳೋದು ಹೇಳಿಕೊಡಬೇಕಿಲ್ಲ. ಕಬ್ಬು ಕಡಿದ ಮೇಲೆ ಖಾಲಿ ಬಿದ್ದ ಹೊಲಗಳಿವೆ. ಒಂದು ಒಳ್ಳೆ ಚೆಂಡಿಗೆ ನಾವು ಶುಕ್ರವಾರ ರಾತ್ರಿ ಸ್ವಿಗ್ಗಿಗೆ ಕೊಡೋ ದುಡ್ಡು ಸಾಕು. ಕಷ್ಟದ್ದು ಉಳಿದರ್ಧ. ಒಂಬತ್ತನೇ ಕ್ಲಾಸಿನ ನಂತರವೂ ಮೈದಾನಕ್ಕೆ ಬರೋದು ಸಹಜ ಅನ್ನಿಸಬೇಕು, ಸಂಜೆ ಮನೆಗೆ ಮುಟ್ಟಿಸೋರು ಇರಬೇಕು, ತಾಲೂಕಿನಲ್ಲಿ ವರ್ಷಕ್ಕೆ ಎರಡಲ್ಲ ಇಪ್ಪತ್ತು ಮ್ಯಾಚ್ ಇರಬೇಕು. ಇದಕ್ಕೆ ದುಡ್ಡಿಗಿಂತ ಹೆಚ್ಚಾಗಿ ಊರಿನ ಒಪ್ಪಿಗೆ ಬೇಕು. ದೀಪಾವಳಿಗೆ ಊರಿಗೆ ಹೋದಾಗ ಕಟ್ಟೆ ಮೇಲೆ ಕೂತು ಪ್ಯಾಕೇಜಿನ ಮಾತು ಆಡೋ ನಮ್ಮಂಥವರ ಮಾತಿಗೆ ಅಲ್ಲಿ ಇನ್ನೂ ಸ್ವಲ್ಪ ಬೆಲೆ ಇದೆ. ಅದನ್ನ ಒಂದು ಸಲ ಅಣ್ಣನ ಮಗಳ ಪರವಾಗಿ ಖರ್ಚು ಮಾಡಬಹುದು.

2026ರ ಏಪ್ರಿಲ್ಲಿನಲ್ಲಿ ಥಾಯ್ಲೆಂಡಿನಲ್ಲಿ 20ರೊಳಗಿನವರ ಏಷ್ಯಾ ಕಪ್, ಅದಾದ ಮೇಲೆ ಚೀನಾದಲ್ಲಿ 17ರೊಳಗಿನವರದು. ಎರಡರಲ್ಲೂ ಹನ್ನೆರಡು ತಂಡ, ಮೊದಲ ನಾಲ್ಕಕ್ಕೆ ವಿಶ್ವಕಪ್ ಟಿಕೆಟ್. ಜಪಾನ್, ಉತ್ತರ ಕೊರಿಯಾ ಎದುರಾದ್ರೆ ಸ್ಕೋರು ಮತ್ತೆ ಕಹಿಯಾಗಬಹುದು. ಆಗ್ಲಿ ಬಿಡಿ. 2022ರಲ್ಲಿ ಕೂತ ಕುರ್ಚಿ ಆತಿಥ್ಯದ್ದು. ಈ ಸಲದ್ದು ಅವರು ಯಾಂಗೋನಿನಲ್ಲಿ, ಬಿಷ್ಕೆಕ್‌ನಲ್ಲಿ ಗೆದ್ದು ತಂದದ್ದು. ಸೋತರೂ ಅದನ್ನ ಯಾರೂ ವಾಪಸ್ ಕೇಳೋ ಹಾಗಿಲ್ಲ.